ಪ್ಯಾರಾಗ್ಲೈಡಿಂಗ್ ನೋಡಲು ಕಲಿಯುವುದು

ಹಿಮಾಚಲದ ಬೀರ್ ಊರಿನ ಮೇಲೆ ಅಕ್ಟೋಬರ್ ಮಧ್ಯಾಹ್ನ ಹತ್ತಾರು ಬಣ್ಣದ ರೆಕ್ಕೆಗಳು ತೇಲುತ್ತಿರುತ್ತವೆ. ಹೊಸಬರ ಮೊದಲ ಪ್ರಶ್ನೆ ‘ಭಯವಾಗೋದಿಲ್ವಾ?’ ಎಂಬುದೇ. ಅಲ್ಲಿಗೇ ನಿಂತುಬಿಟ್ಟರೆ ಈ ಆಟದ ರುಚಿ ಹತ್ತುವುದಿಲ್ಲ. ಪ್ಯಾರಾಗ್ಲೈಡಿಂಗನ್ನು ಧೈರ್ಯದ ಪ್ರದರ್ಶನ ಅಂದುಕೊಳ್ಳದೆ ಗಾಳಿಯನ್ನು ಓದುವ ವಿದ್ಯೆಯಾಗಿ ನೋಡಬೇಕೆಂಬುದು ನನ್ನ ವಾದ. ಆ ರೆಕ್ಕೆಗೆ ಎಂಜಿನ್ ಇಲ್ಲ. ನಿಂತ ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ಇಳಿಯುತ್ತಲೇ ಇರುತ್ತದೆ. ಹಾರುವ ಜಾಗವಾದ ಬಿಲ್ಲಿಂಗ್ ಸುಮಾರು 2,400 ಮೀಟರ್ ಎತ್ತರದಲ್ಲಿದೆ, ಇಳಿಯುವ ಬೀರ್ ಸುಮಾರು 1,400ರಲ್ಲಿ. ಲೆಕ್ಕದ ಪ್ರಕಾರ ಹದಿನೈದಿಪ್ಪತ್ತು ನಿಮಿಷಕ್ಕೆ ಹಾರಾಟ ಮುಗಿಯಬೇಕು. ಆದರೆ ಪಳಗಿದವರು ಅಲ್ಲಿಂದ ಹೊರಟು ಧೌಲಾಧಾರ್ ಬೆಟ್ಟಸಾಲಿನುದ್ದಕ್ಕೂ ಗಂಟೆಗಟ್ಟಲೆ ಹಾರಿ, ಧರ್ಮಶಾಲೆಯ ತನಕ ಹೋಗಿ ಮರಳುತ್ತಾರೆ. ಆ ನಿಮಿಷಗಳು ಗಂಟೆಗಳಾದದ್ದು ಹೇಗೆ ಎಂದು ಕೇಳಿಕೊಂಡವರಿಗೆ ಹುಚ್ಚು ಹಿಡಿಯಿತೆಂದೇ ತಿಳಿಯಿರಿ.

ಬಿಸಿಲಿಗೆ ಕಾದ ಬಂಡೆ, ಒಣಗಿದ ಇಳಿಜಾರು ತಮ್ಮ ಮೇಲಿನ ಗಾಳಿಯನ್ನು ಬಿಸಿ ಮಾಡುತ್ತವೆ. ಹಗುರಾದ ಆ ಗಾಳಿ ಮೇಲೇಳುತ್ತದೆ. ಹಾರುವವರು ಇದನ್ನು ಥರ್ಮಲ್ ಅನ್ನುತ್ತಾರೆ. ನಮ್ಮ ಬಯಲುಸೀಮೆಯ ಊರುಗಳ ಮೇಲೆ ರೆಕ್ಕೆ ಬಡಿಯದೆ ಸುತ್ತುತ್ತ ಏರುವ ಹದ್ದು ಹಿಡಿಯುವುದೂ ಇದನ್ನೇ. ಹಾಗಾಗಿ ಅಭ್ಯಾಸಕ್ಕೆ ಮನೆಯ ತಾರಸಿ ಸಾಕು: ಹದ್ದು ಎಲ್ಲಿ ಸುತ್ತಲು ತೊಡಗಿತು, ಸುತ್ತು ಯಾವ ಕಡೆ ಜರುಗಿತು, ಯಾವಾಗ ಅದನ್ನು ಬಿಟ್ಟು ನೇರ ಹೊರಟಿತು, ನೋಡಿ. ಆಮೇಲೆ ಪೈಲಟ್ ಕಡೆ ತಿರುಗಿ. ರೆಕ್ಕೆಯ ಒಂದು ಬದಿ ತುಸು ಎದ್ದರೆ ಏರುಗಾಳಿ ಆ ಮಗ್ಗುಲಲ್ಲಿದೆ ಎಂದರ್ಥ. ಅವರು ಅತ್ತ ಮೈ ವಾಲಿಸಿ, ಅದೇ ಬದಿಯ ಬ್ರೇಕ್ ಎಳೆದು ತಿರುಗುತ್ತಾರೆ. ವೇರಿಯೋ ಎಂಬ ಪುಟ್ಟ ಉಪಕರಣ ಏರಿಕೆ ಜೋರಾದಷ್ಟೂ ಬೇಗಬೇಗ ಬೀಪ್ ಮಾಡುತ್ತದೆ. ಸುತ್ತಿನ ಅರ್ಧದಲ್ಲಿ ಬೀಪ್ ಚುರುಕು, ಉಳಿದರ್ಧದಲ್ಲಿ ಮಂದವಾದರೆ ಮುಂದಿನ ಸುತ್ತನ್ನು ಚುರುಕಿನ ಕಡೆಗೆ ಸರಿಸಬೇಕು. ಕೆಳಗಿನಿಂದ ನೋಡುವವರಿಗೆ ಅಡ್ಡಾದಿಡ್ಡಿ ಸುತ್ತುಗಳು ಸರಿಯುತ್ತ ಸರಿಯುತ್ತ ದುಂಡಗಾಗಿ, ರೆಕ್ಕೆ ಇದ್ದಕ್ಕಿದ್ದಂತೆ ಸಲೀಸಾಗಿ ಏರತೊಡಗುವುದು ಕಾಣುತ್ತದೆ. ರಸಿಕರು ತಲೆದೂಗಬೇಕಾದ್ದು ಅಲ್ಲಿ.

‘ಎಲ್ಲ ಗಾಳಿಯ ಅದೃಷ್ಟ’ ಅನ್ನುವವರಿದ್ದಾರೆ. ಒಂದು ದಿನದ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಕಾಲ್ನಡಿಗೆ ಮತ್ತು ಪ್ಯಾರಾಗ್ಲೈಡರ್ ಎರಡರಲ್ಲೇ ಆಲ್ಪ್ಸ್ ದಾಟುವ ರೆಡ್‌ಬುಲ್ ಎಕ್ಸ್-ಆಲ್ಪ್ಸ್ ಸ್ಪರ್ಧೆಯನ್ನು ಸ್ವಿಟ್ಜರ್ಲೆಂಡಿನ ಕ್ರಿಗೆಲ್ ಮೌರರ್ 2009ರಿಂದ 2023ರವರೆಗೆ ಸತತ ಎಂಟು ಸಲ ಗೆದ್ದರು. ಎಲ್ಲರಿಗೂ ಅದೇ ಆಕಾಶ, ಗೆದ್ದವರು ಮಾತ್ರ ಒಬ್ಬರೇ. ಇದನ್ನು ಅದೃಷ್ಟ ವಿವರಿಸಲಾರದು. ದೂರದ ಚುಕ್ಕೆಯಲ್ಲಿ ನೋಡುವುದೇನಿದೆ ಎಂಬ ಆಕ್ಷೇಪಕ್ಕೆ ಉತ್ತರ ಇನ್ನೂ ಸುಲಭ. ಒಂದು ರೆಕ್ಕೆಯನ್ನಷ್ಟೇ ನೋಡಬೇಡಿ, ಒಂದೇ ಎತ್ತರದಲ್ಲಿರುವ ಎರಡನ್ನು ನೋಡಿ. ಹತ್ತು ನಿಮಿಷದಲ್ಲಿ ಒಂದು ಮೋಡದ ಅಡಿಗೆ ಮುಟ್ಟಿರುತ್ತದೆ, ಇನ್ನೊಂದು ಇಳಿಯುವ ಬಯಲಿನ ದಾರಿ ಹಿಡಿದಿರುತ್ತದೆ.

ಅಪಾಯದ ಮಾತನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2007ರಲ್ಲಿ ಆಸ್ಟ್ರೇಲಿಯಾದ ಮನಿಲ್ಲಾದಲ್ಲಿ ಗುಡುಗುಮೋಡವೊಂದು ಪ್ಯಾರಾಗ್ಲೈಡಿಂಗ್ ಪೈಲಟ್ ಎವಾ ವಿಶ್ನಿಯೆರ್ಸ್ಕಾ ಅವರನ್ನು 9,946 ಮೀಟರ್ ಎತ್ತರಕ್ಕೆ ಸೆಳೆದೊಯ್ದಿತು. ಪ್ರಜ್ಞೆ ತಪ್ಪಿದರೂ ಅವರು ಬದುಕಿ ಬಂದರು, ಅದೇ ಬಿರುಗಾಳಿಗೆ ಸಿಕ್ಕ ಚೀನಾದ ಪೈಲಟ್ ಉಳಿಯಲಿಲ್ಲ. ಏರಿಸುವ ಗಾಳಿಯೇ ಕೊಲ್ಲಬಲ್ಲದು. ಈ ಸತ್ಯ ನನ್ನ ವಾದವನ್ನು ಕೆಡಿಸುವುದಿಲ್ಲ, ಗಟ್ಟಿ ಮಾಡುತ್ತದೆ: ಧೈರ್ಯವೇ ಆಟದ ತಿರುಳಾಗಿದ್ದರೆ ಮೋಡದೊಳಗೆ ನುಗ್ಗುವವರೇ ದೊಡ್ಡವರಾಗಬೇಕಿತ್ತು. ಹಾರುವವರ ನಡುವೆ ಗೌರವ ಇರುವುದು ಗಾಳಿಚೀಲ ಎತ್ತ ತಿರುಗಿತೆಂದು ಗಮನಿಸಿ, ಮೋಡ ಕೋಟೆಗೋಡೆಯಂತೆ ಎತ್ತರಕ್ಕೆ ಬೆಳೆಯುವುದನ್ನು ಕಂಡು, ಹಾಸಿದ ರೆಕ್ಕೆಯನ್ನು ಮತ್ತೆ ಮಡಚಿ ಜೀಪು ಹತ್ತಿ ಕೆಳಗಿಳಿಯುವವರ ಮೇಲೆ. ಆ ಮಡಚುವಿಕೆಯನ್ನೂ ಆಟದ ಭಾಗವೆಂದೇ ನೋಡಿ. ಮುಂದೆ ಪೈಲಟ್ ಜೊತೆ ಇಬ್ಬರೇ ಹಾರುವ ಟ್ಯಾಂಡೆಮ್ ಹಾರಾಟಕ್ಕೆ ಮನಸ್ಸಾದರೆ ಸೆಲ್ಫಿ ಕಡ್ಡಿ ಬಿಟ್ಟು, ವೇರಿಯೋದ ಕಡೆ ಕಿವಿಯಿಟ್ಟು ಕುಳಿತುಕೊಳ್ಳಿ. ಮುಂದಿನ ಏರುಗಾಳಿ ಎಲ್ಲಿ ಸಿಗುತ್ತದೆಂದು ನೀವೇ ಊಹಿಸಿ, ಹಿಂದೆ ಕೂತ ಪೈಲಟನ್ನು ಕೇಳಿ.