ಹಾಲು, ಆಲು ಮತ್ತು ಒಂದನೇ ಕ್ಲಾಸಿನ ಪರದೆ

ದಲಿತ ವಿಮರ್ಶೆ ಎಂದಕೂಡಲೇ ನಾವು ಕತೆ, ಕಾವ್ಯ, ಆತ್ಮಕತೆಗಳ ಸುತ್ತಲೇ ಸುತ್ತುತ್ತೇವೆ. ಒಂದನೇ ಕ್ಲಾಸಿನ ಮಗು ಬೆರಳಿಟ್ಟು ಕಲಿಯುವ ಮೊಬೈಲ್ ಪಾಠವೂ ಒಂದು ಪಠ್ಯವೇ. ಅದನ್ನು ಮಾಡಿದವರಿಗೂ ಒಂದು ಬೀದಿ, ಒಂದು ಮನೆಮಾತು ಇದೆ. ಅದನ್ನು ಓದುವ ಕೆಲಸ ಯಾರದು?

ಓದು ಕಲಿಸುವ ಇಂಥದೊಂದು ಆಪನ್ನು ಎರಡನೇ ಕ್ಲಾಸಿನಲ್ಲಿರುವ ನನ್ನ ಅಣ್ಣನ ಮಗಳಿಗೆ ಕೊಟ್ಟೆ. ಪರದೆಯ ಮೇಲೆ ಪದ ಬರುತ್ತದೆ, ಮಗು ಜೋರಾಗಿ ಓದಬೇಕು. ಯಂತ್ರ ಕೇಳಿಸಿಕೊಂಡು ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತದೆ. 'ಹಾಲು' ಬಂತು. 'ಆಲು' ಅಂದಳು. ಕೆಂಪು. ಇನ್ನೂ ಜೋರಾಗಿ ಅಂದಳು. ಮತ್ತೆ ಕೆಂಪು. 'ಚಿಕ್ಕಪ್ಪ, ನಾನೇಳಿದ್ದು ಇದ್ಕೆ ಕೇಳಕಿಲ್ವಾ?'

ಕೇಳುತ್ತದೆ. ಅದಕ್ಕೆ ಕೇಳಿಸಿಕೊಟ್ಟಿರುವ ಕನ್ನಡ ಮಾತ್ರ ಬೇರೆ. ಇಂಥ ಯಂತ್ರಗಳು ಮೊದಲೇ ತುಂಬಿಟ್ಟ ದನಿಗಳಿಂದ ಮಾತು ಗುರುತಿಸಲು ಕಲಿಯುತ್ತವೆ. ಆ ದನಿಗಳಲ್ಲಿ ಕೇರಿಯ ಮಗುವಿನ ದನಿ ಇಲ್ಲದಿದ್ದರೆ ಅದಕ್ಕೆ ಆ ಮಗು ಯಾವತ್ತೂ ತಪ್ಪೇ. ಅಕ್ಷರ ಗುರುತಿಸಿ ಅರ್ಥಕ್ಕೆ ಕೂಡಿಸುವುದೇ ಓದಾದರೆ ಆ ಹುಡುಗಿ ಓದಿದ್ದಾಳೆ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಕಾರ ಬಿಡುವವರು ನಾವೊಬ್ಬರೇ ಅಲ್ಲ, ಊರಿನವರೂ ಬಿಡುತ್ತಾರೆ. ಆದರೆ 'ಅಕಾರ ಹಕಾರ ತಿಳಿಯದವರು' ಎಂಬ ಬೈಗುಳ ಜಾತಿ ನೋಡಿಕೊಂಡೇ ಬೀಳುತ್ತದೆ. ಬೆತ್ತದ ಮೇಷ್ಟರು ಹೋದರು, ಅವರ ಕಿವಿ ಮಾತ್ರ ಪೆಟ್ಟಿಗೆಯೊಳಗೆ ಉಳಿದುಕೊಂಡಿತು!

ದೇವನೂರರ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಂಜನಗೂಡು ಸೀಮೆಯ ಆಡುಮಾತು ಸಾಹಿತ್ಯವಾಯಿತು, ಎಂ.ಎ. ಕ್ಲಾಸಿನಲ್ಲಿ ಅದನ್ನು ಕೊಂಡಾಡುತ್ತೇವೆ. ಅದೇ ಸೀಮೆಯ ಮಗು ಅದೇ ಮಾತಾಡಿದರೆ ಕೆಂಪು.

ಹಾಗಂತ ಯಂತ್ರ ಬೇಡವೆನ್ನುವ ಶುದ್ಧಾಂಗ ಸಂಸ್ಕೃತಿ ಚಿಂತಕರ ಜತೆ ನಾನಿಲ್ಲ. ಅವರ ಮಕ್ಕಳ ಕೈಯಲ್ಲಿ ಟ್ಯಾಬು ಇದ್ದೇ ಇರುತ್ತದೆ. ಯಂತ್ರ ಹೊಡೆಯುವುದಿಲ್ಲ, ಅಪ್ಪನ ಹೆಸರು ಕೇಳಿ ಮುಖ ಸಿಂಡರಿಸುವುದಿಲ್ಲ, ನೂರು ಸಲ ಕೇಳಿದರೂ ಬೇಸರಪಡುವುದಿಲ್ಲ. ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂತ, ಜವಾನ ನಲ್ಲಿ ತಿರುಗಿಸದಿದ್ದರೆ ನೀರಿಲ್ಲದೆ ಇರಬೇಕಾಗಿದ್ದ ಅಂಬೇಡ್ಕರರ ಅನುಭವವನ್ನು ನೆನೆದರೆ, ಮುಟ್ಟಿದೊಡನೆ ಓಗೊಡುವ ಪರದೆ ಸಣ್ಣ ಸಂಗತಿಯಲ್ಲ. ಆದರೆ ಒಂದೇ ಟ್ಯಾಬು, ಮೂವತ್ತು ಮಕ್ಕಳು ಇರುವ ಕಡೆ ಮೊದಲು ಮುಟ್ಟುವ ಬೆರಳು ಯಾರದು, ಹಿಂದೆ ನಿಂತು ನೋಡುವವರು ಯಾರು? ಕೊರೊನಾ ಕಾಲದಲ್ಲಿ ನಮ್ಮ ರಾಜ್ಯದ ಒಂದರಿಂದ ಐದನೇ ಕ್ಲಾಸಿನ ಮಕ್ಕಳು 2020ರ ಮಾರ್ಚಿನಿಂದ 2021ರ ಅಕ್ಟೋಬರಿನವರೆಗೆ ತರಗತಿ ಕಾಣಲಿಲ್ಲ. ಮನೆಗಿದ್ದ ಒಂದು ಫೋನು ಅಪ್ಪನ ಜತೆ ಕೂಲಿಗೆ ಹೋಗುತ್ತಿತ್ತು. ಮುಟ್ಟುವ ಮಾತು ದೂರವೇ ಉಳಿಯಿತು.

ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿಯಲ್ಲಿ ಓದಿದವನು. 1995ರಲ್ಲಿ ಆ ತಾಲ್ಲೂಕಿನಲ್ಲೇ ಅದು ಶುರುವಾದದ್ದು. ಮಕ್ಕಳು ಕಾರ್ಡು ಹಿಡಿದು ಗುಂಪಾಗಿ ಕೂರುತ್ತಿದ್ದೆವು, ಆ ಗುಂಪಿಗೆ 'ತಟ್ಟೆ' ಅಂತ ಹೆಸರು. ಸಹಪಾಠಿ ಹೇಳಿಕೊಡುವ ತಟ್ಟೆಯೂ ಇತ್ತು. ಅಕ್ಷರ ಅ-ಆದಿಂದಲ್ಲ, 'ರ ಗ ಸ ದ ಅ'ದಿಂದ. ಅಲ್ಲಿ 'ಆಲು' ಅಂದರೆ ಪಕ್ಕದವನಿಗೆ ಹಾಲೇ ಕಾಣುತ್ತಿತ್ತು. ಪರದೆ ಮಗುವನ್ನು ಒಂಟಿ ಮಾಡಿ ಪರೀಕ್ಷೆಗೆ ನಿಲ್ಲಿಸುತ್ತದೆ. ಅದನ್ನು ತಟ್ಟೆಯ ನಡುವೆ ಇಟ್ಟು ನಾಲ್ಕು ಮಕ್ಕಳು ಒಟ್ಟಿಗೆ ಆಡಿದರೆ ಕತೆ ಬೇರೆಯಾಗುತ್ತದೆ.

ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಮಕ್ಕಳ ಕತೆಗಳನ್ನು ಯಾರು ಬೇಕಾದರೂ ಓದಬಹುದು, ಅನುವಾದಿಸಬಹುದು, ತಮ್ಮದನ್ನೂ ಬರೆಯಬಹುದು. ಬಾಗಿಲು ತೆರೆದಿದೆ, ನಮ್ಮ ಲೇಖಕರು ಒಳಹೊಕ್ಕಿದ್ದು ಕಡಿಮೆ. ಒಂದು ಪುಟಕ್ಕೆ ಒಂದು ಸಾಲು ಬರೆಯುವುದು ಕ್ರಾಂತಿಗೀತೆ ಬರೆದಷ್ಟು ಸುಲಭವಲ್ಲ, ಅದಕ್ಕೇ ಇರಬೇಕು.

ನನ್ನ ವಿದ್ಯಾರ್ಥಿಗಳು ಕೆಲವರು ಬರೆಯಲು ಕೂತಿದ್ದಾರೆ. 'ಆಲು' ಅಂತಲೇ ಅಚ್ಚಾಗಲಿ ಅನ್ನುವವರಿದ್ದಾರೆ. ನಾನು ಒಪ್ಪಲಿಲ್ಲ. ಬರಹದಲ್ಲಿ 'ಹಾಲು' ಇರಲಿ. ನಾಳೆ ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುವ ಮಗುವಿಗೆ ಆ ಹಕಾರವೂ ಬೇಕು. ಆದರೆ ಮಗು ಅದನ್ನು 'ಆಲು' ಎಂದು ಓದಿದಾಗಲೂ ಹಸಿರು ಬರಬೇಕು. ಆಪ್ ಮಾಡುವವರ ಮುಂದೆ ನಾವಿಡಬೇಕಾದ ಬೇಡಿಕೆ ಇಷ್ಟೇ: ನಮ್ಮ ಮಕ್ಕಳ ದನಿಯನ್ನು ಹೆತ್ತವರ ಒಪ್ಪಿಗೆ ಕೇಳಿ ತುಂಬಿಸಿಕೊಳ್ಳಿ, ಆಮೇಲೆ ಅಂಕ ಹಾಕಿ.