ವೃಷಭಾಚಲದಲ್ಲಿ ಅಳಿಸಿದ ಹೆಸರು

ದಶಲಕ್ಷಣ ಪರ್ವದ ಎರಡನೆಯ ದಿನ, ಉತ್ತಮ ಮಾರ್ದವ ಧರ್ಮದ ಉಪನ್ಯಾಸದಲ್ಲಿ, ಭರತ ಚಕ್ರವರ್ತಿ ವೃಷಭಾಚಲಕ್ಕೆ ಬಂದ ಪ್ರಸಂಗವನ್ನು ಕೇಳದ ಶ್ರಾವಕರು ವಿರಳ. ಷಟ್ಖಂಡಗಳನ್ನು ಗೆದ್ದ ಭರತನು ತನ್ನ ಹೆಸರನ್ನು ಶಾಶ್ವತವಾಗಿ ಕೆತ್ತಿಸಬೇಕೆಂದು ಕಾಕಿಣೀರತ್ನವನ್ನು ಹಿಡಿದು ಆ ಬೆಟ್ಟದ ಬಳಿಗೆ ಬರುತ್ತಾನೆ. ನೋಡಿದರೆ ಅಲ್ಲಿ ಒಂದು ಸಾಲು ಬರೆಯುವುದಕ್ಕೂ ಸ್ಥಳವಿಲ್ಲ. ಹಿಂದೆ ಆಗಿಹೋದ ಚಕ್ರವರ್ತಿಗಳ ಪ್ರಶಸ್ತಿಗಳು ಬೆಟ್ಟವನ್ನೆಲ್ಲ ತುಂಬಿಕೊಂಡಿವೆ. ಈ ಭೂಮಿಯನ್ನು ಆಳಿದವನು ತಾನೊಬ್ಬನೇ ಅಲ್ಲವೆಂದು ತಿಳಿದು ಅವನ ಗರ್ವ ಇಳಿಯುತ್ತದೆ. ಉಪನ್ಯಾಸಕರು ಸಾಮಾನ್ಯವಾಗಿ ಇಲ್ಲಿಗೆ ಕಥೆಯನ್ನು ನಿಲ್ಲಿಸುತ್ತಾರೆ, ಸಭೆ ಜಯಕಾರ ಹೇಳುತ್ತದೆ.

ಆದರೆ ಪುರಾಣ ಅಲ್ಲಿಗೆ ನಿಲ್ಲುವುದಿಲ್ಲ. ಗರ್ವವಿಳಿದ ಭರತನು ಮುಂದಿನ ಕ್ಷಣದಲ್ಲಿಯೇ ಹಳೆಯ ಚಕ್ರವರ್ತಿಯೊಬ್ಬನ ಪ್ರಶಸ್ತಿಯನ್ನು ಅಳಿಸಿ ಆ ಜಾಗದಲ್ಲಿ ತನ್ನದನ್ನು ಬರೆಯುತ್ತಾನೆ. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಹೀಗೆ ಹೇಳಿದ್ದಾರೆ. ೯೪೧ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನೂ ಅದನ್ನು ಮರೆಮಾಚಿಲ್ಲ. ಮಾರ್ದವ ಧರ್ಮದ ವಿವೇಚನೆಗೆ ನಿಜವಾಗಿ ಬೇಕಾದುದು ಈ ಉತ್ತರಾರ್ಧವೇ ಎಂದು ನನ್ನ ಭಾವನೆ. ಅದನ್ನು ಬಿಟ್ಟು ಪೂರ್ವಾರ್ಧವನ್ನಷ್ಟೇ ಹೇಳುವುದರಿಂದ ನಾವು ಕಾವ್ಯಕ್ಕೂ ಅನ್ಯಾಯ ಮಾಡುತ್ತಿದ್ದೇವೆ, ನಮಗೂ ಮೋಸ ಮಾಡಿಕೊಳ್ಳುತ್ತಿದ್ದೇವೆ.

ಪ್ರಸಂಗದ ಒಳಗಿರುವ ಒಂದು ವಿಚಿತ್ರವನ್ನು ಮೊದಲು ಗಮನಿಸಬೇಕು. ಈ ಅವಸರ್ಪಿಣಿಯ ಹನ್ನೆರಡು ಚಕ್ರವರ್ತಿಗಳಲ್ಲಿ ಭರತನೇ ಮೊದಲನೆಯವನು. ಅವನಿಗಿಂತ ಮುಂಚೆ ಈ ಯುಗದಲ್ಲಿ ಚಕ್ರರತ್ನವನ್ನು ಪಡೆದವರೇ ಇಲ್ಲ. ಅಸಿ ಮಸಿ ಕೃಷಿಗಳನ್ನು ಲೋಕಕ್ಕೆ ಕಲಿಸಿದವನು ಅವನ ತಂದೆ; ಬ್ರಾಹ್ಮಿಗೆ ಅಕ್ಷರಗಳನ್ನು ಹೇಳಿಕೊಟ್ಟವನೂ ಅವನೇ. ಬರಹವೇ ಹೊಸದಾಗಿರುವ ಕಾಲದಲ್ಲಿ ಬೆಟ್ಟ ಬರಹದಿಂದ ತುಂಬಿದೆ! ಹಾಗಾದರೆ ಅವು ಯಾರ ಹೆಸರುಗಳು? ಕಳೆದುಹೋದ ಕಲ್ಪಗಳ, ಎಣಿಕೆಗೆ ಸಿಲುಕದ ಕಾಲಚಕ್ರಗಳ ಚಕ್ರವರ್ತಿಗಳವು. ಅವರಲ್ಲಿ ಪ್ರತಿಯೊಬ್ಬನೂ ಷಟ್ಖಂಡಾಧಿಪತಿ, ಪ್ರತಿಯೊಬ್ಬನಿಗೂ ನವನಿಧಿ, ಚತುರ್ದಶ ರತ್ನಗಳಿದ್ದವು. ಮೊದಲಿಗನೆಂದು ತಿಳಿದು ಬಂದವನಿಗೆ ತಾನು ಕೊನೆಯಿಲ್ಲದ ಸಾಲಿನಲ್ಲಿ ಎಲ್ಲೋ ನಡುವೆ ನಿಂತವನೆಂಬ ಅರಿವಾಯಿತು. ಅನಾದಿ ಕಾಲವೆಂಬ ನಮ್ಮ ಸಿದ್ಧಾಂತವನ್ನು ಇಷ್ಟು ಸರಳವಾಗಿ, ಒಂದು ಬಂಡೆಯ ಮೈಯ ಮೇಲೆ ತೋರಿಸಿದ ಇನ್ನೊಂದು ಸಂದರ್ಭವನ್ನು ನಾನು ಓದಿಲ್ಲ.

ಆ ಬೆಟ್ಟ ವಾಸ್ತವದಲ್ಲಿ ಸತ್ತವರ ಪಟ್ಟಿ. ಅಲ್ಲಿ ಬರೆಸಿದವರಲ್ಲಿ ಯಾರೊಬ್ಬರೂ ಉಳಿದಿಲ್ಲ. ಅದನ್ನು ಓದಿ ಭರತನು ಮಾಡಿದ್ದೇನು? ಇನ್ನೊಂದು ಹೆಸರಿಗೆ ಜಾಗ ಹುಡುಕಿದನು.

ಇದೇ ಕಾವ್ಯದಲ್ಲಿ ನೀಲಾಂಜನೆಯ ನೃತ್ಯವಿದೆ. ಆಯುಷ್ಯ ತೀರುತ್ತಿದ್ದ ಆ ದೇವನರ್ತಕಿ ನರ್ತಿಸುತ್ತಿರುವಾಗಲೇ ಇಲ್ಲವಾಗುತ್ತಾಳೆ. ರಸಭಂಗವಾಗದಿರಲೆಂದು ದೇವೇಂದ್ರನು ಅವಳಂತೆಯೇ ಇರುವ ಇನ್ನೊಬ್ಬಳನ್ನು ಅದೇ ಕ್ಷಣದಲ್ಲಿ ಸೃಷ್ಟಿಸಿ ನಿಲ್ಲಿಸುತ್ತಾನೆ. ಸಭೆಯಲ್ಲಿದ್ದವರಿಗೆ ವ್ಯತ್ಯಾಸ ತಿಳಿಯಲಿಲ್ಲ, ವೃಷಭನಾಥನಿಗೆ ಮಾತ್ರ ತಿಳಿಯಿತು. ಆತನಿಗೆ ಅಷ್ಟೇ ಸಾಕಾಯಿತು. ರಾಜ್ಯವನ್ನು ಬಿಟ್ಟು ದೀಕ್ಷೆಗೆ ಹೊರಟನು. ತಂದೆ ಒಂದು ಮರಣವನ್ನು, ಅದೂ ಕಣ್ಣೆವೆ ಇಕ್ಕುವಷ್ಟು ಹೊತ್ತು, ಕಂಡು ಸಿಂಹಾಸನದಿಂದ ಇಳಿದನು. ಮಗ ಬೆಟ್ಟದಷ್ಟು ಮರಣಗಳನ್ನು ಓದಿಯೂ ಕೆತ್ತುವುದಕ್ಕೆ ತೊಡಗಿದನು. ಈ ಎರಡು ಸನ್ನಿವೇಶಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಆದಿಪುರಾಣದ ಕಟ್ಟಡ ಕಣ್ಣಿಗೆ ಕಾಣುತ್ತದೆ. ನೀಲಾಂಜನೆಯ ಪ್ರಸಂಗವನ್ನು ಹಾಡಿ ಹೊಗಳಿದ ವಿಮರ್ಶಕರು ಬಹಳ ಮಂದಿ. ವೃಷಭಾಚಲದ ಕಡೆಗೆ ಬಂದವರು ಕಡಿಮೆ. ಬಂದವರೂ ಗರ್ವಭಂಗವೆಂಬ ಶೀರ್ಷಿಕೆಯೊಂದನ್ನು ಕೊಟ್ಟು ಮುಂದೆ ಹೋಗಿದ್ದಾರೆ.

ಗರ್ವಭಂಗವಾಗಿದ್ದರೆ ಮುಂದಿನ ಕಥೆ ನಡೆಯುತ್ತಿರಲಿಲ್ಲ. ದಿಗ್ವಿಜಯ ಮುಗಿಸಿ ಬಂದಾಗ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ತಮ್ಮಂದಿರು ಇನ್ನೂ ತಲೆಬಾಗಿಲ್ಲವೆಂದು ಪುರೋಹಿತನು ಕಾರಣ ಹೇಳುತ್ತಾನೆ. ಈ ಭೂಮಿ ತನ್ನೊಬ್ಬನದಲ್ಲವೆಂದು ಬೆಟ್ಟದೆದುರು ಒಪ್ಪಿಕೊಂಡು ಬಂದವನು ಒಡಹುಟ್ಟಿದವರಿಗೆ ಶರಣಾಗಿರೆಂದು ಓಲೆ ಕಳುಹಿಸುತ್ತಾನೆ. ಅವರು ರಾಜ್ಯವನ್ನು ಬಿಟ್ಟು ತಂದೆಯ ಪಾದಕ್ಕೆ ಹೋಗುತ್ತಾರೆ. ಬಾಹುಬಲಿಯೊಬ್ಬನು ಎದುರು ನಿಲ್ಲುತ್ತಾನೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಸೋತ ಮೇಲೆ ಭರತನು ತಮ್ಮನ ಮೇಲೆಯೇ ಚಕ್ರವನ್ನು ಬಿಡುತ್ತಾನೆ. ಹದಿನಾರನೆಯ ಶತಮಾನದ ರತ್ನಾಕರವರ್ಣಿಗೆ ಇದು ಸಹ್ಯವಾಗಲಿಲ್ಲ. ಭರತೇಶ ವೈಭವದಲ್ಲಿ ಅವನು ಯುದ್ಧವನ್ನೇ ತೆಗೆದುಹಾಕಿ, ಭರತನು ಸಾಮದ ಮಾತಿನಿಂದಲೇ ತಮ್ಮನನ್ನು ಗೆದ್ದಂತೆ ಮಾರ್ಪಡಿಸಿದನು. ಆ ಕಾವ್ಯದ ಸೊಬಗು ಬೇರೆ. ಅದರ ಭರತನು ಭೋಗದಲ್ಲಿದ್ದೂ ಯೋಗಿ. ಆದರೆ ಅಧಿಕಾರ ಮನುಷ್ಯನಿಗೆ ಏನು ಮಾಡುತ್ತದೆಂಬುದನ್ನು ತಿಳಿಯಬೇಕಾದರೆ ಪಂಪನ ಬಳಿಗೇ ಹೋಗಬೇಕು. ಅರಿಕೇಸರಿಯ ಆಸ್ಥಾನದಲ್ಲಿದ್ದ ಅವನು ಕವಿಯೂ ಹೌದು, ಕಲಿಯೂ ಹೌದು. ಅರಸರು ನಾಚುವುದನ್ನೂ, ನಾಚಿಕೆಯನ್ನು ಸಂಜೆಯೊಳಗೆ ಮರೆಯುವುದನ್ನೂ ಹತ್ತಿರದಿಂದ ಕಂಡಿರಬೇಕು.

ಇದು ಪುರಾಣದ ಮಾತಾಯಿತು, ಇತಿಹಾಸದಲ್ಲಿ ಹೀಗುಂಟೇ ಎಂದು ಕೇಳುವವರು ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಹತ್ತುವಾಗ ತ್ಯಾಗದ ಬ್ರಹ್ಮದೇವರ ಕಂಬದ ಬಳಿ ಒಂದು ನಿಮಿಷ ನಿಲ್ಲಬೇಕು. ಬಹುಪಾಲು ಯಾತ್ರಿಕರು ಅಲ್ಲಿ ಕಂಬದ ಬುಡದಲ್ಲಿ ಬಟ್ಟೆ ತೂರಿಸಿ ನೋಡುವ ಆಟದಲ್ಲಿರುತ್ತಾರೆ. ಬಳ್ಳಿಯ ಕೆತ್ತನೆಯನ್ನು ನೋಡಿ ಮೆಚ್ಚುತ್ತಾರೆ. ಆ ಕಂಬದ ಮೇಲೆ ಚಾವುಂಡರಾಯನು ತನ್ನ ದೀರ್ಘವಾದ ಶಾಸನವನ್ನು ಬರೆಸಿದ್ದನು. ಸುಮಾರು ೧೨೦೦ರಲ್ಲಿ ಹೆಗ್ಗಡೆ ಕಣ್ಣನೆಂಬ ಅಧಿಕಾರಿ ಅದರ ಮೂರು ಮುಖಗಳನ್ನು ಸವೆಸಿ, ಕಂಬಕ್ಕೆ ತಾನು ಯಕ್ಷನನ್ನು ಮಾಡಿಸಿದೆನೆಂದು ಎರಡೂವರೆ ಸಾಲಿನ ತನ್ನ ಬರಹವನ್ನು ಕೆತ್ತಿಸಿದನು. ಎಪಿಗ್ರಾಫಿಯ ಕರ್ನಾಟಿಕದ ಶ್ರವಣಬೆಳಗೊಳ ಸಂಪುಟ ೧೮೮೯ರಲ್ಲಿ ಬಿ. ಎಲ್. ರೈಸ್ ಅವರಿಂದ, ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರಿಂದ ಪರಿಷ್ಕೃತವಾಗಿ ಹೊರಬಂದ ಮೇಲೆ ವಿದ್ವಾಂಸರು ಈ ನಷ್ಟಕ್ಕಾಗಿ ಮರುಗುತ್ತಲೇ ಇದ್ದಾರೆ. ಉಳಿದಿರುವ ಒಂದು ಮುಖದಲ್ಲಿ ಚಾವುಂಡರಾಯನ ಕುಲ ಮತ್ತು ಯುದ್ಧಪ್ರತಾಪದ ವರ್ಣನೆಯಿದೆ. ಗೊಮ್ಮಟ ಮೂರ್ತಿಯ ನಿರ್ಮಾಣದ ವಿವರವೂ ಕಾಲವೂ ಅಳಿಸಿದ ಭಾಗದಲ್ಲಿದ್ದಿರಬಹುದು ಎಂದು ಊಹಿಸುತ್ತಾರೆ. ಹಾಗಿದ್ದರೆ, ತಿಳಿಯಬೇಕಾದದ್ದು ಹೋಗಿ ಪರಾಕ್ರಮದ ಹೊಗಳಿಕೆ ಉಳಿಯಿತು.

ಹೆಗ್ಗಡೆ ಕಣ್ಣನನ್ನು ದುಷ್ಟನೆಂದು ನಾನು ಕರೆಯಲಾರೆ. ಅವನು ಜಿನಭಕ್ತ, ಯಕ್ಷನನ್ನು ಮಾಡಿಸಿದ್ದೂ ಪುಣ್ಯಕ್ಕಾಗಿಯೇ. ದೇವಸ್ಥಾನಕ್ಕೆ ಒಂದು ಸೇವೆ ಸಲ್ಲಿಸುತ್ತಿದ್ದೇನೆ, ಅದಕ್ಕೊಂದು ಗುರುತು ಬೇಕು, ಹಳೆಯದನ್ನು ಈಗ ಯಾರು ಓದುತ್ತಾರೆ ಎಂದಷ್ಟೇ ಅವನು ಯೋಚಿಸಿರಬಹುದು. ನಮ್ಮ ಕಾಲದ ಸಮಿತಿಗಳಲ್ಲಿ ಇದೇ ಮಾತನ್ನು ಇದೇ ಧಾಟಿಯಲ್ಲಿ ಕೇಳಿದ್ದೇನೆ.

ಇನ್ನು ಅಳಿದುಹೋದ ಬರಹದ ಒಡೆಯನ ವಿಷಯ. ಚಾವುಂಡರಾಯನು ೯೭೮ರಲ್ಲಿ ತ್ರಿಷಷ್ಟಿ ಶಲಾಕಾಪುರುಷರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಬರೆದವನು; ಭರತನ ಕಥೆ ಅವನಿಗೆ ಕರತಲಾಮಲಕ. ಅವನಿಗಾಗಿ ಗೊಮ್ಮಟಸಾರವನ್ನು ರಚಿಸಿದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಆ ಗ್ರಂಥದಲ್ಲಿ ಮಾನಕಷಾಯದ ನಾಲ್ಕು ತರತಮಗಳನ್ನು ಹೇಳುತ್ತಾರೆ: ಕಲ್ಲಿನಂಥದು, ಎಲುಬಿನಂಥದು, ಮರದಂಥದು, ಬೆತ್ತದಂಥದು. ಬೆತ್ತ ಬಾಗುತ್ತದೆ, ಮರ ಪ್ರಯತ್ನಪಟ್ಟರೆ ಬಾಗುತ್ತದೆ, ಎಲುಬು ಕಷ್ಟದಿಂದ. ಕಲ್ಲು ಬಾಗುವುದಿಲ್ಲ. ಅಂಥ ಮಾನ ನರಕಗತಿಗೆ ಕಾರಣ. ಗುರುಗಳು ಹೀಗೆ ಹೇಳುತ್ತಿದ್ದ ಕಾಲದಲ್ಲಿಯೇ ಶಿಷ್ಯನು ಕಲ್ಲಿನ ಕಂಬಕ್ಕೆ ತನ್ನ ವೀರಗಾಥೆಯನ್ನು ಕೆತ್ತಿಸಿದನು. ಆದರೆ ಅದೇ ಬೆಟ್ಟದ ಮೇಲೆ, ಗೊಮ್ಮಟನ ಪಾದದ ಇಕ್ಕೆಲಗಳಲ್ಲಿ, ಆತನ ಹೆಸರಿನಲ್ಲಿ ಇರುವುದು ಇದನ್ನು ಮಾಡಿಸಿದವನು ಇಂಥವನು ಎಂಬ ಒಂದೇ ಚಿಕ್ಕ ವಾಕ್ಯ, ಕನ್ನಡ ತಮಿಳು ಮರಾಠಿಗಳಲ್ಲಿ. ಬಿರುದಿಲ್ಲ, ಯುದ್ಧವಿಲ್ಲ. ದೀರ್ಘವಾದದ್ದು ಅಳಿಯಿತು, ಆ ಚಿಕ್ಕ ವಾಕ್ಯವನ್ನು ಮುಟ್ಟುವುದಕ್ಕೆ ಯಾರಿಗೂ ಮನಸ್ಸಾಗಲಿಲ್ಲ.

ಎದುರಿನ ಚಂದ್ರಗಿರಿಯಲ್ಲಿ ಇನ್ನೊಂದು ಕಂಬವಿದೆ, ಕೂಗೆ ಬ್ರಹ್ಮದೇವರ ಕಂಬ. ಚಾವುಂಡರಾಯನ ಒಡೆಯನಾದ ಗಂಗ ದೊರೆ ಮಾರಸಿಂಹನ ಶಾಸನ ಅದರ ಮೇಲಿದೆ. ಗೆದ್ದ ರಾಜರ, ಮುರಿದ ಕೋಟೆಗಳ, ಧರಿಸಿದ ಬಿರುದುಗಳ ವರ್ಣನೆ ಓದುತ್ತ ಓದುತ್ತ ಆಯಾಸವಾಗುತ್ತದೆ. ಕೊನೆಯಲ್ಲಿ ಸ್ವಲ್ಪವೇ ಮಾತಿನಲ್ಲಿ ಮತ್ತೊಂದು ವಿಷಯ ಬರುತ್ತದೆ: ಅರಸನು ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ವ್ರತದಿಂದ ಸಮಾಧಿಮರಣವನ್ನು ಹೊಂದಿದನು. ಇದು ಸುಮಾರು ೯೭೪–೭೫ರ ಸಂಗತಿ. ರಾಷ್ಟ್ರಕೂಟ ಸಿಂಹಾಸನವನ್ನು ಉಳಿಸಲು ಅವನು ಬೆಂಬಲಿಸಿದ ನಾಲ್ಕನೆಯ ಇಂದ್ರನೂ ೯೮೨ರಲ್ಲಿ ಇದೇ ಬೆಳಗೊಳದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು. ಇಂದ್ರನ ಶಾಸನದ ಬಹುಭಾಗ ಅವನ ಚೆಂಡಾಟದ ಕೌಶಲವನ್ನು ಕುರಿತದ್ದು. ಕೈಯಲ್ಲಿ ರಾಜ್ಯವಿಲ್ಲದವನನ್ನು ಹೊಗಳುವುದಕ್ಕೆ ಕವಿಗೆ ಬೇರೆ ಏನು ದೊರೆಯಿತೋ!

ಮರಣ ಎಲ್ಲರನ್ನೂ ಸಮನಾಗಿಸುತ್ತದೆಂಬ ಮಾತನ್ನು ಎಲ್ಲ ಮತದವರೂ ಹೇಳುತ್ತಾರೆ. ಅದು ನಿಜವೇ. ಆದರೆ ನಮ್ಮ ಆಚಾರ್ಯರ ದೃಷ್ಟಿಯಲ್ಲಿ ಅದು ಅರ್ಧ ಸತ್ಯ. ದೇಹ ಬೀಳುವುದರಲ್ಲಿ ಮಾತ್ರ ಸಮಾನತೆ, ಬಿದ್ದ ಮೇಲಿನ ಗತಿಯಲ್ಲಿ ಅಲ್ಲ. ಹನ್ನೆರಡು ಚಕ್ರವರ್ತಿಗಳಲ್ಲಿ ಭರತನು ಮುಕ್ತನಾದನು. ಸುಭೌಮನೂ ಬ್ರಹ್ಮದತ್ತನೂ ಏಳನೆಯ ನರಕಕ್ಕೆ ಹೋದರು. ಅವರೆಲ್ಲರಿಗೂ ಇದ್ದ ಸಂಪತ್ತು ಒಂದೇ. ಸುಭೌಮನ ಕಥೆಯಲ್ಲಿಯೂ ಬರೆದು ಅಳಿಸುವ ಸಂದರ್ಭವಿದೆ. ನಡುಗಡಲಿನಲ್ಲಿ ಪ್ರಾಣಭಯದಿಂದ ಅವನು ಪಂಚನಮಸ್ಕಾರ ಮಂತ್ರವನ್ನು ಬರೆದು ಕಾಲಿನಿಂದ ಅಳಿಸಿದನೆಂದೂ ಆ ಕ್ಷಣವೇ ವೈರಿದೇವನು ಅವನನ್ನು ಮುಳುಗಿಸಿದನೆಂದೂ ಕಥೆಗಾರರು ಹೇಳುತ್ತಾರೆ. ಭರತನಿಗೆ ಒಳಿತಾದದ್ದು ವೃಷಭಾಚಲದಿಂದಲ್ಲ. ಬಹುಕಾಲದ ಮೇಲೆ ಕನ್ನಡಿಯಲ್ಲಿ ಕಂಡ ಒಂದು ನರೆಗೂದಲಿನಿಂದ. ಬೆಟ್ಟದ ತುಂಬ ಇದ್ದದ್ದು ಇತರರ ಮರಣ. ಆ ಕೂದಲು ಅವನದೇ.

ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಜ್ಞಾನ, ಕುಲ, ಜಾತಿ, ಬಲ, ಐಶ್ವರ್ಯ, ತಪಸ್ಸು, ರೂಪಗಳ ಜೊತೆಗೆ ಪೂಜೆಯೂ ಸೇರಿದೆ. ತನಗೆ ಸಲ್ಲುವ ಗೌರವದ ಮದವದು. ನಮ್ಮ ಬಸದಿಗಳಲ್ಲಿ ಈಗ ಹೆಚ್ಚಾಗಿರುವುದು ಇದೇ. ಮೆಟ್ಟಿಲಿಗೊಂದು ಹೆಸರು, ಫ್ಯಾನಿನ ರೆಕ್ಕೆಗೊಂದು ಹೆಸರು, ಗೋಡೆಯ ಉದ್ದಕ್ಕೂ ಗ್ರಾನೈಟ್ ಫಲಕ. ಹಳೆಯ ದಾನಶಾಸನಗಳೂ ಹೆಸರುಗಳೇ ಅಲ್ಲವೇ ಎಂದು ಕೆಲವರು ವಾದಿಸುತ್ತಾರೆ. ವಾದವನ್ನು ತಳ್ಳಿಹಾಕುವಂತಿಲ್ಲ, ಆ ಹೆಸರುಗಳಿಲ್ಲದಿದ್ದರೆ ನಮಗೆ ಇತಿಹಾಸವೇ ಇರುತ್ತಿರಲಿಲ್ಲ. ಆದರೆ ಬೆಳಗೊಳದ ಹದಿಮೂರನೆಯ ಶತಮಾನದ ಶಾಸನಗಳನ್ನು ಓದಿ ನೋಡಿ. ಗೊಮ್ಮಟ ದೇವರ ನಿತ್ಯಾಭಿಷೇಕದ ಹಾಲಿಗೆ ಇಂತಿಷ್ಟು ಗದ್ಯಾಣ, ಅದರ ಬಡ್ಡಿಯಿಂದ ದಿನಕ್ಕೆ ಇಷ್ಟು ಮಾನ ಹಾಲು ನಡೆಯಬೇಕು ಎಂದು ಬರೆದಿದೆ. ಅದು ಕರಾರುಪತ್ರ. ಕೊಟ್ಟವನಿಗಿಂತ ಕೊಟ್ಟದ್ದು, ಅದು ಸಲ್ಲಬೇಕಾದ ಬಗೆ ಅಲ್ಲಿ ಮುಖ್ಯ. ನಮ್ಮ ಫಲಕಗಳಲ್ಲಿ ಹೆಸರಿನ ಮುಂದೆ ಮೊತ್ತವಿರುತ್ತದೆ, ಉದ್ದೇಶವಿರುವುದಿಲ್ಲ. ಮೊತ್ತದ ಪ್ರಕಾರ ಅಕ್ಷರದ ಗಾತ್ರವಿರುತ್ತದೆ.

ನಾನು ಸದಸ್ಯನಾಗಿರುವ ಒಂದು ಸಮಿತಿಯ ಜೀರ್ಣೋದ್ಧಾರದಲ್ಲಿ, ಹೊಸ ದಾನಿಗಳ ಫಲಕಕ್ಕೆ ಗೋಡೆ ಸಾಲದೆ, ಮುಖಮಂಟಪದಲ್ಲಿದ್ದ ಹಳೆಯ ಕಡಪಾ ಕಲ್ಲನ್ನು ಕಿತ್ತೆವು. ಆ ನಿರ್ಣಯಕ್ಕೆ ನಾನೂ ಸಹಿ ಹಾಕಿದ್ದೇನೆ. ಕಲ್ಲಿನ ಮೇಲೆ ಏಳು ಹೆಸರುಗಳಿದ್ದವು, ಐದನ್ನು ಓದಬಹುದಾಗಿತ್ತು. ಅವರ ಮನೆತನದವರು ಈಗ ಊರಿನಲ್ಲಿ ಯಾರೂ ಇಲ್ಲವಾದ್ದರಿಂದ ಆಕ್ಷೇಪ ಬರಲಿಲ್ಲ. ಅವರು ಕೊಟ್ಟದ್ದು ಬಾವಿ ತೋಡಿಸಲು ಎಂದು ಹಿರಿಯ ಅರ್ಚಕರೊಬ್ಬರು ಆಮೇಲೆ ಹೇಳಿದರು. ಇಂದಿಗೂ ಅಭಿಷೇಕದ ನೀರು ಬರುವುದು ಆ ಬಾವಿಯಿಂದಲೇ. ಕಲ್ಲು ಉಗ್ರಾಣದ ಗೋಡೆಗೆ ಒರಗಿಕೊಂಡಿದೆ. ದಾನಗಳನ್ನೆಲ್ಲ ಉದ್ದೇಶ ಸಹಿತವಾಗಿ ಒಂದು ಪುಸ್ತಕದಲ್ಲಿ ದಾಖಲಿಸಿ, ಗೋಡೆಯ ಮೇಲೆ ಯಾರ ಹೆಸರನ್ನೂ ಇಡದಿರುವ ಸೂಚನೆಯನ್ನು ಮುಂದಿನ ಸಭೆಯ ಮುಂದಿಟ್ಟಿದ್ದೇನೆ. ಅನುಮೋದಕರು ಇನ್ನೂ ಸಿಕ್ಕಿಲ್ಲ.