ಚರ್ಚಿನ ಅಂಗಳದ ಮಕ್ಕಳು

ಮಹಾನಗರಗಳ ಹಿಂದುಳಿದ ಬೀದಿಗಳಿಗೆ ಮಕ್ಕಳ ಸೇವೆಗೆಂದು ಹೋದ ಧರ್ಮಪ್ರಚಾರಕರು ಬರೆದ ಪುಸ್ತಕಗಳಿಗೆ ಒಂದು ಸಿದ್ಧ ಅಚ್ಚು ಇದೆ. ಅಲ್ಲೊಬ್ಬ ದಾರಿ ತಪ್ಪಿದ ಹುಡುಗ. ಕೈಯಲ್ಲಿ ಚೂರಿ, ಜೇಬಿನಲ್ಲಿ ಅಮಲು ಪದಾರ್ಥ. ಎಲ್ಲಿಂದಲೋ ಬಂದ ಉಪದೇಶಕ ಅವನೆದುರು ನಿಲ್ಲುತ್ತಾನೆ. ಹುಡುಗ ಬೈಯುತ್ತಾನೆ, ಬೆದರಿಸುತ್ತಾನೆ, ಕೊನೆಗೊಂದು ದಿನ ಮೊಣಕಾಲೂರಿ ಅಳುತ್ತಾನೆ. ಡೇವಿಡ್ ವಿಲ್ಕರ್‌ಸನ್‌ರ ‘ದಿ ಕ್ರಾಸ್ ಆ್ಯಂಡ್ ದಿ ಸ್ವಿಚ್‌ಬ್ಲೇಡ್’ (1963) ಈ ಬಗೆಯ ಪುಸ್ತಕಗಳಲ್ಲಿ ಬಹಳ ಪ್ರಸಿದ್ಧ. ಪೆನ್ಸಿಲ್ವೇನಿಯಾದ ಸಣ್ಣ ಊರೊಂದರ ಪಾದ್ರಿಯಾಗಿದ್ದ ಅವರು, ಕೊಲೆ ಆರೋಪ ಹೊತ್ತ ಹದಿಹರೆಯದವರ ಚಿತ್ರವನ್ನು ಪತ್ರಿಕೆಯೊಂದರಲ್ಲಿ ಕಂಡು 1958ರಲ್ಲಿ ನ್ಯೂಯಾರ್ಕಿಗೆ ಹೋದವರು. 1970ರಲ್ಲಿ ಅದು ಚಲನಚಿತ್ರವೂ ಆಯಿತು. ಅವರ ಪ್ರಾಮಾಣಿಕತೆಯನ್ನು ನಾವು ಶಂಕಿಸುತ್ತಿಲ್ಲ. ಆದರೆ ಇಂಥ ಪುಸ್ತಕಗಳಲ್ಲಿ ಹುಡುಗ ಬದಲಾದ ಮರುಕ್ಷಣವೇ ಕತೆ ಮುಗಿದಂತೆ. ಅವನ ಶಾಲೆ ಹೇಗಿತ್ತು, ಅವನ ಬೀದಿಗೆ ಆ ಗತಿ ತಂದವರು ಯಾರು ಎಂದು ಕೇಳುವ ವ್ಯವಧಾನ ಅಲ್ಲಿರುವುದಿಲ್ಲ. ಮಗು ಅಲ್ಲಿ ಮಗುವಲ್ಲ, ಒಂದು ಸಾಕ್ಷ್ಯ.

ಈ ಅಚ್ಚನ್ನು ಒಡೆದ ಪುಸ್ತಕವೊಂದರ ಕುರಿತು ಇಲ್ಲಿ ಬರೆಯಬೇಕೆನಿಸಿದೆ. ಜೊನಾಥನ್ ಕೊಝೋಲ್‌ರ ‘ಆರ್ಡಿನರಿ ರೆಸರೆಕ್ಷನ್ಸ್’ 2000ದಲ್ಲಿ ಪ್ರಕಟವಾಯಿತು. ‘ಸಾಧಾರಣ ಪುನರುತ್ಥಾನಗಳು’ ಎಂಬ ಆ ಹೆಸರು ಅಪ್ಪಟ ಕ್ರೈಸ್ತ ಪರಿಭಾಷೆ. ಬರೆದವರು ಮಾತ್ರ ಯಹೂದಿ. ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನ ಮಾಟ್ ಹೇವನ್ ಎಂಬ ಬಡಾವಣೆಯಲ್ಲಿರುವ ಸೇಂಟ್ ಆ್ಯನ್ಸ್ ಎಂಬ ಎಪಿಸ್ಕೋಪಲ್ ಚರ್ಚು ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಸೇರಿಸಿಕೊಂಡು ಪಾಠ, ಊಟ, ಪ್ರಾರ್ಥನೆ ನಡೆಸುತ್ತಿತ್ತು. ಕೊಝೋಲ್ ಅಲ್ಲಿಗೆ ವರ್ಷಗಟ್ಟಲೆ ಹೋಗುತ್ತಾ, ಮಕ್ಕಳ ಹೋಮ್‌ವರ್ಕ್ ನೋಡುತ್ತಾ, ಅವರ ಜೊತೆ ಕುಳಿತು ಹರಟುತ್ತಾ ಕಳೆದರು. ಆ ಸಂಜೆಗಳೇ ಪುಸ್ತಕದ ವಸ್ತು.

ಲೇಖಕರ ಪೂರ್ವಕತೆಯನ್ನು ಸ್ವಲ್ಪ ಹೇಳಬೇಕು. 1960ರ ದಶಕದಲ್ಲಿ ಬಾಸ್ಟನ್ನಿನ ಸರಕಾರಿ ಶಾಲೆಯಲ್ಲಿ ಕರಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದ ಅವರನ್ನು ಕೆಲಸದಿಂದ ತೆಗೆಯಲಾಯಿತು. ಪಠ್ಯಕ್ರಮದಲ್ಲಿಲ್ಲದ, ಕರಿಯ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್‌ರ ಕವಿತೆಯನ್ನು ತರಗತಿಯಲ್ಲಿ ಓದಿದ್ದು ಅವರ ಅಪರಾಧ. ಆ ಅನುಭವದ ಪುಸ್ತಕ ‘ಡೆತ್ ಆ್ಯಟ್ ಆ್ಯನ್ ಅರ್ಲಿ ಏಜ್’ (1967) ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. 1995ರಲ್ಲಿ ಬಂದ ‘ಅಮೇಝಿಂಗ್ ಗ್ರೇಸ್’ ಇದೇ ಮಾಟ್ ಹೇವನ್ ಕುರಿತದ್ದು. ಮ್ಯಾನ್‌ಹ್ಯಾಟನ್ನಿನ ಶ್ರೀಮಂತ 59ನೇ ಬೀದಿಯಲ್ಲಿ 6ನೇ ನಂಬರಿನ ರೈಲು ಹತ್ತಿದರೆ ಒಂಬತ್ತು ನಿಲ್ದಾಣ, ಹದಿನೆಂಟು ನಿಮಿಷದ ದಾರಿ. ಅಷ್ಟರಲ್ಲಿ ನೀವು ದೇಶದ ಅತಿ ಶ್ರೀಮಂತರ ನೆರೆಯಿಂದ ಅತಿ ಬಡವರ ನೆರೆಗೆ ಬಂದಿರುತ್ತೀರಿ. ಆಸ್ಪತ್ರೆಗಳ ತ್ಯಾಜ್ಯವನ್ನು ಸುಡುವ ಕುಲುಮೆಯನ್ನು ಆ ಬಡವರ ಮಕ್ಕಳ ನಡುವೆಯೇ ತಂದಿಟ್ಟಿದ್ದರು. ಅಸ್ತಮಾದಿಂದ ಏದುಸಿರು ಬಿಡುವ ಮಕ್ಕಳು ಅಲ್ಲಿ ಮನೆಮನೆಯಲ್ಲೂ ಇದ್ದರು. ಸ್ಥಳೀಯರ ಹೋರಾಟದ ಬಳಿಕ 1990ರ ದಶಕದ ಕೊನೆಗೆ ಆ ಕುಲುಮೆ ಮುಚ್ಚಿತು.

ಅದು ಕೋಪದ ಪುಸ್ತಕ. ಇದು ಹಾಗಲ್ಲ. ಇಲ್ಲಿ ಲೇಖಕರ ದನಿ ತಗ್ಗಿದೆ. ಅರುವತ್ತು ದಾಟಿದ, ಮಕ್ಕಳಿಲ್ಲದ, ಮರೆವಿನ ಕಾಯಿಲೆಗೆ ತುತ್ತಾದ ತಂದೆಯ ಚಿಂತೆ ಹೊತ್ತ ಒಬ್ಬ ವ್ಯಕ್ತಿ ಮಕ್ಕಳ ನಡುವೆ ಕೂತಿದ್ದಾನೆ. ‘ಪೈನಾಪಲ್’ ಎಂದು ಪುಸ್ತಕ ಕರೆಯುವ ಹುಡುಗಿ ದೊಡ್ಡವರನ್ನೂ ಗದರಿಸುವಷ್ಟು ಗಟ್ಟಿಗಿತ್ತಿ. ‘ಎಲಿಯೊ’ ಎಂಬ ಪುಟ್ಟ ಹುಡುಗನ ತಂದೆ ಜೈಲಿನಲ್ಲಿ. ಅಳು ಬಂದರೆ ಅಳುತ್ತಾನೆ, ಮತ್ತೆ ಎದ್ದು ಆಟಕ್ಕೆ ಹೋಗುತ್ತಾನೆ. ಹೀಗೆ ಬಿದ್ದು ಏಳುವುದನ್ನೇ ಲೇಖಕರು ಪುನರುತ್ಥಾನ ಎನ್ನುತ್ತಾರೆ ಎಂದು ನಾವು ಅರ್ಥ ಮಾಡಿಕೊಂಡಿದ್ದೇವೆ. ಮಕ್ಕಳಿಂದ ಅವರಿಗೆ ಬೇಕಾಗಿದ್ದೇನೂ ಇಲ್ಲ. ಮತಾಂತರ ಬೇಡ, ಸಾಕ್ಷ್ಯ ಬೇಡ. ಬದಲಿಗೆ ತಾನೇ ಅವರಿಂದ ಪಡೆದುಕೊಂಡೆ ಎಂದು ಒಪ್ಪಿಕೊಳ್ಳುತ್ತಾರೆ. ಸೇವೆಗೆ ಹೋದವರ ಬರಹದಲ್ಲಿ ಈ ವಿನಯ ಅಪರೂಪ.

ಪುಸ್ತಕದ ಅತ್ಯಂತ ಗಟ್ಟಿ ಭಾಗವೆಂದರೆ ಭಾಷೆಯ ಮೇಲಿನ ಅವರ ತಕರಾರು. 1995ರ ಹೊತ್ತಿಗೆ ಅಮೆರಿಕದ ಪಂಡಿತರು ಬಡ ಬೀದಿಗಳ ಹುಡುಗರನ್ನು ‘ಸೂಪರ್ ಪ್ರಿಡೇಟರ್’, ಅಂದರೆ ಮಹಾಮೃಗಗಳು ಎಂದು ಕರೆಯತೊಡಗಿದ್ದರು. ಅಂಥವರ ಮಹಾಪ್ರವಾಹವೇ ಬರಲಿದೆ ಎಂದು ಹೆದರಿಸಿದರು. ಪ್ರವಾಹ ಬರಲಿಲ್ಲ, ಅಪರಾಧದ ಸಂಖ್ಯೆ ಇಳಿಯಿತು. ಆದರೆ ಆ ಹೆಸರು ಹೊತ್ತ ಮಕ್ಕಳು ಅಷ್ಟರಲ್ಲಿ ಜೈಲು ಸೇರಿದ್ದರು. ಕೊಝೋಲ್ ಇಂಥ ಶತ್ರುಗಳನ್ನಷ್ಟೇ ಅಲ್ಲ, ಹಿತೈಷಿಗಳನ್ನೂ ಬಿಡುವುದಿಲ್ಲ. ಇಂದು ಈ ಮಕ್ಕಳ ಮೇಲೆ ಹಣ ಹೂಡಿದರೆ ನಾಳೆ ದುಡಿಯುವ ಕೈಗಳು ಸಿಗುತ್ತವೆ, ಜೈಲಿನ ಖರ್ಚು ಉಳಿಯುತ್ತದೆ ಎಂಬ ವಾದ ಅವರಿಗೆ ಅಸಹ್ಯ. ಶ್ರೀಮಂತರ ಆರು ವರ್ಷದ ಮಗು ಆಡುವುದು ಆಟಕ್ಕಾಗಿಯಾದರೆ ಬಡವರ ಮಗು ಆಡುವುದು ದೇಶದ ಲಾಭಕ್ಕಾಗಿ ಏಕಿರಬೇಕು? ಬಾಲ್ಯ ಯಾವುದೋ ಉದ್ಯೋಗದ ಪೂರ್ವತಯಾರಿ ಅಲ್ಲ. ಆತ್ಮಗಳನ್ನು ಎಣಿಸುವವರಿಗೂ ಅಂಕಿಅಂಶ ಎಣಿಸುವವರಿಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ.

ಇಷ್ಟೆಲ್ಲ ಮೆಚ್ಚಿಯೂ ನಮಗೆ ಈ ಪುಸ್ತಕದೊಂದಿಗೆ ಜಗಳವಿದೆ. ಮೊದಲನೆಯದು, ಇಲ್ಲಿನ ಮಕ್ಕಳು ವಿಪರೀತ ಒಳ್ಳೆಯವರು. ಮುದ್ದು ಮಾತು, ಆಳವಾದ ಪ್ರಶ್ನೆ, ದೇವರ ಬಗ್ಗೆ ಅಚ್ಚರಿಯ ಉತ್ತರ. ಸಿಟ್ಟಿನ, ಸುಳ್ಳು ಹೇಳುವ, ಕದಿಯುವ, ಯಾರಿಗೂ ಇಷ್ಟವಾಗದ ಮಗು ಎಲ್ಲಿ ಹೋಯಿತು? ಚರ್ಚಿನ ಗೇಟಿನೊಳಗೆ ಬರಲೊಪ್ಪದ ಹುಡುಗರೂ ಅದೇ ಬೀದಿಯಲ್ಲಿದ್ದಿರಬೇಕಲ್ಲವೇ? ‘ಮಹಾಮೃಗ’ ಎಂದವರಿಗೆ ಉತ್ತರ ಕೊಡುವ ಆತುರದಲ್ಲಿ ಕೊಝೋಲ್ ದೇವದೂತರನ್ನು ಬರೆದಿದ್ದಾರೆ. ಮುದ್ದಾಗಿಲ್ಲದ ಮಗುವಿಗೂ ಅನ್ನದ ಹಕ್ಕಿದೆ.

ಎರಡನೆಯದು ಇದಕ್ಕಿಂತ ಗಂಭೀರ. ಊಟವೂ ಪಾಠವೂ ಪ್ರಾರ್ಥನೆಯೂ ಒಂದೇ ಸೂರಿನಡಿ ದೊರೆಯುವಾಗ, ಆ ಪ್ರಾರ್ಥನೆಯಲ್ಲಿ ಮಗುವಿನ ಸ್ವಂತ ಇಚ್ಛೆ ಎಷ್ಟು? ಮಕ್ಕಳ ಭಕ್ತಿಗೆ ಮಾರುಹೋದ ಲೇಖಕರು ಈ ಪ್ರಶ್ನೆಯ ಹೊಸ್ತಿಲಲ್ಲೇ ನಿಂತುಬಿಡುತ್ತಾರೆ. ಅಲ್ಲಿ ಬಲವಂತವಿತ್ತೆಂದು ನಾವು ಹೇಳುತ್ತಿಲ್ಲ. ವಕೀಲಿ ವೃತ್ತಿ ಬಿಟ್ಟು ಪಾದ್ರಿಯಾಗಿ ಬಂದ ಮಾರ್ಥಾ ಓವರಾಲ್‌ರ ಬಗ್ಗೆ ಓದಿದ ಯಾರಿಗೂ ಅಂಥ ಅನುಮಾನ ಬಾರದು. ಮಕ್ಕಳ ಪಾಲಿಗೆ ಅವರು ‘ಮದರ್ ಮಾರ್ಥಾ’. ದೋಷ ಚರ್ಚಿನದ್ದಲ್ಲ. ಬೇರೆ ಬಾಗಿಲುಗಳೆಲ್ಲ ಮುಚ್ಚಿದ್ದವು ಎಂಬುದೇ ದೋಷ. 1970ರ ದಶಕದ ಹಣಕಾಸು ಬಿಕ್ಕಟ್ಟಿನಲ್ಲಿ ನ್ಯೂಯಾರ್ಕ್ ನಗರ ತನ್ನ ಶಾಲೆಗಳ ಸವಲತ್ತುಗಳಿಗೆ ಕತ್ತರಿ ಹಾಕಿತು. ಶಾಲೆಗೆ ಬರುತ್ತಿದ್ದ ವೈದ್ಯರು, ಗ್ರಂಥಪಾಲಕರು ಮಾಯವಾದರು. 1990ರ ದಶಕದ ಕೊನೆಯಲ್ಲಿ ಈ ಭಾಗದ ಶಾಲೆಗಳಲ್ಲಿದ್ದ ಸುಮಾರು 11,000 ಮಕ್ಕಳಲ್ಲಿ ಬಿಳಿಯರು ಕೇವಲ 26 ಎಂದು ಕೊಝೋಲ್ ಲೆಕ್ಕ ಕೊಡುತ್ತಾರೆ. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತದ್ದು 1954ರಲ್ಲಿ! ಸರಕಾರ ಎದ್ದು ಹೋದ ಜಾಗದಲ್ಲಿ ದೇವಾಲಯ ಕೂತಾಗ ಜನ ದೇವಾಲಯವನ್ನು ಹೊಗಳುತ್ತಾರೆ. ಎದ್ದು ಹೋದವನನ್ನು ಮರೆಯುತ್ತಾರೆ. ದಾನವು ನ್ಯಾಯಕ್ಕೆ ಬದಲಿಯಲ್ಲವೆಂದು ಜೀವನವಿಡೀ ಹೇಳಿದವರು ಕೊಝೋಲ್. ಅದನ್ನು ಈ ಪುಸ್ತಕದಲ್ಲಿ ಇಷ್ಟು ಮೆಲ್ಲಗೆ ಏಕೆ ಹೇಳಿದರು?

ಆ ಚರ್ಚಿನ ಆವರಣದಲ್ಲೇ ಗುವರ್ನರ್ ಮೋರಿಸ್‌ನ ಸಮಾಧಿಯಿದೆ. ‘ಗುವರ್ನರ್’ ಎಂಬುದು ಪದವಿಯಲ್ಲ, ಆತನ ಹೆಸರೇ ಹಾಗೆ. ಅಮೆರಿಕದ ಸಂವಿಧಾನದ ಪೀಠಿಕೆಗೆ ಅಂತಿಮ ರೂಪ ಕೊಟ್ಟವನು, 1787ರ ಸಭೆಯಲ್ಲಿ ಗುಲಾಮಗಿರಿಯನ್ನು ಖಂಡಿಸಿ ಮಾತಾಡಿದವನು. ಅವನ ಗೋರಿಯ ಪಕ್ಕದಲ್ಲೇ ಗುಲಾಮರ ವಂಶಜರ ಮಕ್ಕಳು ಸಂಜೆಯ ಊಟಕ್ಕೆ ಬರುತ್ತಿದ್ದರು.

ಇದನ್ನು ಓದಿದವರು 2012ರಲ್ಲಿ ಬಂದ ‘ಫೈರ್ ಇನ್ ದಿ ಆ್ಯಶಸ್’ ಅನ್ನೂ ಓದಬೇಕು. ತಾವು ಬಲ್ಲ ಮಕ್ಕಳು ದೊಡ್ಡವರಾಗಿ ಏನಾದರೆಂದು ಕೊಝೋಲ್ ಅಲ್ಲಿ ಹುಡುಕಿಕೊಂಡು ಹೋಗುತ್ತಾರೆ. ಪೈನಾಪಲ್ ಕಾಲೇಜು ಮುಟ್ಟಿದ್ದಾಳೆ. ಕೆಲವು ಹುಡುಗರು ಯೌವನದಲ್ಲೇ ಸತ್ತಿದ್ದಾರೆ. ಮೇಲೆ ಬಂದವರಲ್ಲಿ ಹೆಚ್ಚಿನವರ ಹಿಂದೆ ಪಾದ್ರಿಯೋ, ಶಿಕ್ಷಕರೋ, ಧನಸಹಾಯ ಮಾಡಿದ ಯಾರೋ ಒಬ್ಬರು ಇದ್ದರು. ಇವರು ಅಪವಾದಗಳೇ ಹೊರತು ವ್ಯವಸ್ಥೆ ಸುಧಾರಿಸಿದ್ದಕ್ಕೆ ಪುರಾವೆಯಲ್ಲ ಎಂದು ಲೇಖಕರೇ ಎಚ್ಚರಿಸುತ್ತಾರೆ. ಮೊದಲ ಪುಸ್ತಕದಲ್ಲಿ ನಾವು ಹುಡುಕಿ ಸಿಗದ ಕಠೋರತೆ ಇಲ್ಲಿದೆ, ಹನ್ನೆರಡು ವರ್ಷ ತಡವಾಗಿ.